ಬಡವರ ವಸತಿ ಸಮುಚ್ಚಯಕ್ಕೆ ಟೆಂಡರ್: ಕರೆಯುವ ಮೊದಲು, ಕರೆದ ಮೇಲೆ

ಕರ್ನಾಟಕದಲ್ಲಿ ಸರ್ಕಾರ ಬಡವರಿಗೆ ಮನೆ ಒದಗಿಸುವುದು ಎರಡು ದಾರಿಯಲ್ಲಿ. ಒಂದರಲ್ಲಿ ಫಲಾನುಭವಿ ತನ್ನ ನಿವೇಶನದಲ್ಲಿ ತಾನೇ ಕಟ್ಟಿಕೊಳ್ಳುತ್ತಾನೆ. ರಾಜೀವ್ ಗಾಂಧಿ ವಸತಿ ನಿಗಮ ತಳಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂಬ ಹಂತಗಳ ಜಿಪಿಎಸ್ ಫೋಟೊ ನೋಡಿ ಖಾತೆಗೆ ಹಣ ಹಾಕುತ್ತದೆ. ಅಲ್ಲಿ ಟೆಂಡರ್‌ನ ಮಾತಿಲ್ಲ. ಇನ್ನೊಂದರಲ್ಲಿ ಕೊಳಗೇರಿ ಅಭಿವೃದ್ಧಿ ಮಂಡಳಿ, ನಗರಸಭೆ, ಪಾಲಿಕೆಯಂಥ ಸಂಸ್ಥೆಗಳು ಗುತ್ತಿಗೆದಾರರಿಂದ ಜಿ+1, ಜಿ+3 (ನೆಲಮಹಡಿಯ ಮೇಲೆ ಒಂದು, ಮೂರು ಮಹಡಿ) ಕಟ್ಟಡಗಳನ್ನು ಕಟ್ಟಿಸುತ್ತವೆ. ಈ ಬರಹ ಆ ಎರಡನೆಯ ದಾರಿಯ ಬಗ್ಗೆ. ಅಂದಾಜು ಪಟ್ಟಿ ಬರೆಯುವ ಇಂಜಿನಿಯರ್, ಟೆಂಡರ್ ಪರಿಶೀಲಿಸುವ ಅಧಿಕಾರಿ, ಕಡತ ತೆಗೆಸಿ ಓದುವ ವಾರ್ಡ್ ಸದಸ್ಯ ಮತ್ತು ನಿವಾಸಿಗಳ ಸಂಘ, ಈ ನಾಲ್ವರಿಗೂ ಉಪಯೋಗವಾಗಲೆಂದು ಬರೆದದ್ದು.

ಕಟ್ಟಡ ಸೋರಿದಾಗ, ಅರ್ಧಕ್ಕೆ ನಿಂತಾಗ ಎಲ್ಲರೂ ಬೈಯುವುದು ಎಲ್-1 ಪದ್ಧತಿಯನ್ನು. ಕಡಿಮೆ ದರ ಹಾಕಿದವನಿಗೆ ಕೊಟ್ಟಿದ್ದಕ್ಕೇ ಹೀಗಾಯಿತು ಅನ್ನುತ್ತಾರೆ. ಇದು ಅರ್ಧ ಸತ್ಯ. ಏನು ಬೇಕು ಎಂಬುದನ್ನು ಸರಿಯಾಗಿ ಬರೆಯದೆ ಕರೆದ ಟೆಂಡರಿನಲ್ಲಿ ಎಲ್-1 ಬದಲು ಎಲ್-3ಗೆ ಕೊಟ್ಟಿದ್ದರೂ ಅದೇ ಗತಿ. ಹೆಚ್ಚಿನ ಕಾಮಗಾರಿಗಳು ಕೆಡುವುದು ಟೆಂಡರ್ ಪೋರ್ಟಲ್‌ಗೆ ಏರುವ ಮೊದಲಿನ ಮೂರು ತಿಂಗಳಲ್ಲಿ.

ಜಾಗ, ಪಟ್ಟಿ, ಮಣ್ಣು

ಟೆಂಡರ್ ಕಡತಕ್ಕೆ ಸಹಿ ಬೀಳುವ ಮೊದಲು ಕೈಯಲ್ಲಿರಬೇಕಾದವು: ಸರ್ವೆ ನಕ್ಷೆ, ಜಾಗ ಸಂಸ್ಥೆಯ ಹೆಸರಿನಲ್ಲಿರುವ ಪಹಣಿ ಅಥವಾ ಖಾತೆ, ತಡೆಯಾಜ್ಞೆ ಇಲ್ಲ ಎಂಬ ಕಾನೂನು ಶಾಖೆಯ ಟಿಪ್ಪಣಿ, ಅನುಮೋದಿತ ಫಲಾನುಭವಿ ಪಟ್ಟಿ. ಇವುಗಳಲ್ಲಿ ಪಟ್ಟಿಯನ್ನೇ ಎಲ್ಲರೂ ಮುಂದಕ್ಕೆ ತಳ್ಳುತ್ತಾರೆ. ಕಟ್ಟಡ ಮುಗಿಯುವ ಹೊತ್ತಿಗೆ ನೋಡಿಕೊಂಡರಾಯಿತು ಎಂಬ ಲೆಕ್ಕ. ಅದು ತಪ್ಪು. ಪಟ್ಟಿ ಇಲ್ಲದಿದ್ದರೆ ವಂತಿಗೆ, ಅಂದರೆ ಫಲಾನುಭವಿ ಕಟ್ಟಬೇಕಾದ ಪಾಲು, ಬರುವುದಿಲ್ಲ. ವಂತಿಗೆ ಬರದಿದ್ದರೆ ಗುತ್ತಿಗೆದಾರನ ಬಿಲ್ ನಿಲ್ಲುತ್ತದೆ, ಬಿಲ್ ನಿಂತರೆ ಸೆಂಟ್ರಿಂಗ್ ಬಿಚ್ಚಿಕೊಂಡು ಹೋಗುತ್ತಾನೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ 2015ರ ಜೂನ್‌ನಲ್ಲಿ ಶುರುವಾದಾಗ ಸಹಭಾಗಿತ್ವದ ಮನೆಗಳಿಗೆ ಕೇಂದ್ರದ ಪಾಲು ಮನೆಯೊಂದಕ್ಕೆ 1.5 ಲಕ್ಷ ರೂಪಾಯಿ. ಉಳಿದದ್ದನ್ನು ರಾಜ್ಯ, ಸ್ಥಳೀಯ ಸಂಸ್ಥೆ ಮತ್ತು ಫಲಾನುಭವಿ ಹೊರಬೇಕು. ದಿನಗೂಲಿಯವರು ಲಕ್ಷಗಟ್ಟಲೆ ಕಟ್ಟಲಾರರು, ಬ್ಯಾಂಕ್ ಸಾಲ ಕೊಡುವುದಿಲ್ಲ. ಕೊನೆಗೆ ಕೊಳಗೇರಿ ಮಂಡಳಿಯ ಮನೆಗಳಲ್ಲಿ ಆ ಪಾಲಿನ ದೊಡ್ಡ ಭಾಗವನ್ನು ರಾಜ್ಯ ಸರ್ಕಾರವೇ ಭರಿಸಬೇಕಾಗಿ ಬಂತು. ಆದ್ದರಿಂದ ಹಣದ ಮೂಲಗಳ ಕೋಷ್ಟಕದಲ್ಲಿ ಫಲಾನುಭವಿ ಪಾಲಿನ ಎದುರು ಎಷ್ಟು ಎಂದಷ್ಟೇ ಬರೆಯದೆ, ಯಾವ ಕಂತು ಯಾವ ಹಂತಕ್ಕೆ ಬರಬೇಕು, ಬರದಿದ್ದರೆ ಯಾವ ಲೆಕ್ಕಶೀರ್ಷಿಕೆಯಿಂದ ಕೊಡಲಾಗುವುದು ಎಂಬುದನ್ನೂ ಬರೆಯಿಸಿ. ಇದಕ್ಕೆ ಉತ್ತರವಿಲ್ಲದಿದ್ದರೆ ಟೆಂಡರ್ ಕರೆಯಬೇಡಿ.

ಜನ ವಾಸವಿರುವ ಕೊಳಗೇರಿಯಲ್ಲೇ ಕಟ್ಟುವುದಾದರೆ ತೆರವಿನ ಕ್ರಮವೂ ಟೆಂಡರ್ ದಾಖಲೆಯ ಭಾಗವಾಗಬೇಕು. 'ಕಾರ್ಯಾದೇಶದ ದಿನ ಜಾಗ ಹಸ್ತಾಂತರಿಸಲಾಗುವುದು' ಎಂಬ ಸಿದ್ಧ ವಾಕ್ಯವನ್ನು ಹಾಗೇ ಬಿಟ್ಟರೆ, ಹತ್ತು ಗುಡಿಸಲು ಏಳದ ಕಾರಣಕ್ಕೆ ಗುತ್ತಿಗೆದಾರ ಎಂಟು ತಿಂಗಳ ಅವಧಿ ವಿಸ್ತರಣೆ ಕೇಳುತ್ತಾನೆ, ಬೆಲೆ ಏರಿಕೆಯನ್ನೂ ಕೇಳುತ್ತಾನೆ. ಯಾವ ಬ್ಲಾಕಿನ ಜಾಗ ಯಾವ ತಿಂಗಳಲ್ಲಿ ಸಿಗುತ್ತದೆ, ಅಲ್ಲಿಂದ ಎದ್ದವರು ಎಲ್ಲಿರುತ್ತಾರೆ, ತಾತ್ಕಾಲಿಕ ಶೆಡ್‌ಗೆ ನೀರು ಮತ್ತು ಶೌಚಾಲಯ ಯಾರ ಖರ್ಚು, ಇಷ್ಟನ್ನು ನಕ್ಷೆಯ ಮೇಲೆ ಬಣ್ಣ ಹಚ್ಚಿ ತೋರಿಸಿ. ಬೆಂಗಳೂರಿನ ಈಜಿಪುರದಲ್ಲಿ ಬಡವರಿಗಾಗಿ ಕಟ್ಟಿದ ಕ್ವಾರ್ಟರ್ಸ್‌ನ ಒಂದು ಬ್ಲಾಕ್ 2007ರಲ್ಲಿ ಕುಸಿಯಿತು. 2013ರ ಜನವರಿಯಲ್ಲಿ ಅಲ್ಲಿದ್ದವರನ್ನು ಎಬ್ಬಿಸಲಾಯಿತು. ಕಟ್ಟುವ ಕೆಲಸ ಶುರುವಾಗುವ ಮೊದಲೇ ಜನರನ್ನು ಬೀದಿಗಿಟ್ಟರೆ ಏನಾಗುತ್ತದೆ ಎಂದು ಕೇಳುವವರು ಅಲ್ಲಿಯ ಹಳೆಯ ನಿವಾಸಿಗಳನ್ನು ಕೇಳಬಹುದು.

ಇನ್ನು ಮಣ್ಣು. ಪಕ್ಕದ ಬಡಾವಣೆಯ ವರದಿಯನ್ನೇ ನಕಲು ಮಾಡಿ ಲಗತ್ತಿಸುವ ಚಾಳಿ ದುಬಾರಿಯದು. ಭಾರತೀಯ ಮಾನಕ (ಐಎಸ್) ಸಂಖ್ಯೆ 1892ರ ಪ್ರಕಾರ ಸುಮಾರು 0.4 ಹೆಕ್ಟೇರ್, ಅಂದರೆ ಒಂದೆಕರೆ ಜಾಗಕ್ಕೆ ನಾಲ್ಕು ಮೂಲೆಯಲ್ಲಿ ಒಂದೊಂದು, ನಡುವೆ ಒಂದು, ಒಟ್ಟು ಐದು ಬೋರ್ (ಮಣ್ಣಿನ ಮಾದರಿ ತೆಗೆಯಲು ಕೊರೆಯುವ ರಂಧ್ರ) ಬೇಕು. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಎರೆ ಭೂಮಿಯಲ್ಲಿ, ಕೆರೆಯಂಗಳ ಅಥವಾ ಹಳೆಯ ಕಲ್ಲುಗುಂಡಿ ಮುಚ್ಚಿದ ಜಾಗದಲ್ಲಿ ಬ್ಲಾಕಿಗೊಂದು ಬೋರ್ ಕಡಿಮೆಯಿಲ್ಲದಂತೆ ತೆಗೆಸಿ. ಪಾಯದ ಆಳ ಒಂದೂವರೆ ಮೀಟರಿನಿಂದ ಮೂರಕ್ಕೆ ಇಳಿದರೆ ಅಗೆತ, ತುಂಬುವಿಕೆ, ಕಾಂಕ್ರೀಟ್ ಎಲ್ಲವೂ ಏರುತ್ತವೆ. ಹೆಚ್ಚುವರಿ ಐಟಂಗಳ ದರಪಟ್ಟಿ ಮೇಲಿನ ಕಚೇರಿಗೆ ಹೋಗಿ ಬರುವುದರೊಳಗೆ ಮಳೆಗಾಲ ಬಂದು ಗುಂಡಿ ತುಂಬಿರುತ್ತದೆ.

ಅಂದಾಜು ಪಟ್ಟಿ

ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಅಂದರೆ ಎಸ್‌ಆರ್, ಯಾವ ವರ್ಷದ್ದು ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಡಿಪಿಆರ್ (ಯೋಜನೆಯ ವಿವರ ವರದಿ) ಮಾಡಿದ ವರ್ಷದ ದರದಲ್ಲಿ ಮೂರು ವರ್ಷದ ನಂತರ ಟೆಂಡರ್ ಕರೆದರೆ ಒಳ್ಳೆಯ ಗುತ್ತಿಗೆದಾರ ಬರುವುದಿಲ್ಲ. ಬರುವವನು ಎಲ್ಲಿ ಉಳಿಸಬೇಕೆಂದು ಲೆಕ್ಕ ಹಾಕಿಕೊಂಡೇ ಬರುತ್ತಾನೆ. ಜಲ್ಲಿ, ಎಂ-ಸ್ಯಾಂಡ್ ಎಷ್ಟು ಕಿಲೋಮೀಟರಿನಿಂದ ಬರುತ್ತವೆ ಎಂಬ ಲೀಡ್ ನಕ್ಷೆ, ಜಿಎಸ್‌ಟಿ, ಕಟ್ಟಡ ಕಾರ್ಮಿಕರ ಶೇ 1 ಸೆಸ್, ಪರೀಕ್ಷೆಯ ಖರ್ಚು ಎಲ್ಲವನ್ನೂ ಬಿಡಿಬಿಡಿಯಾಗಿ ತೋರಿಸಿ.

ಪರೀಕ್ಷೆಯ ಖರ್ಚು ಚಿಕ್ಕದಲ್ಲ. ಮಹಡಿಗೆ 8 ಮನೆಯ ಜಿ+3 ಬ್ಲಾಕ್ ತೆಗೆದುಕೊಳ್ಳಿ, ಒಟ್ಟು 32 ಮನೆ. ಕಾರ್ಪೆಟ್ ವಿಸ್ತೀರ್ಣ 30 ಚದರ ಮೀಟರ್ ಇದ್ದರೆ ಗೋಡೆ, ಓಣಿ, ಮೆಟ್ಟಿಲು ಸೇರಿ ಮನೆಗೆ 40 ಚದರ ಮೀಟರ್ ಹಿಡಿಯಬಹುದು. ಒಂದು ಮಹಡಿಯ 320 ಚದರ ಮೀಟರ್ ಸ್ಲ್ಯಾಬ್ 125 ಮಿಲಿಮೀಟರ್ ದಪ್ಪಕ್ಕೆ 40 ಘನ ಮೀಟರ್. ಬೀಮ್ ಸೇರಿದರೆ 55 ಆಗುತ್ತದೆ ಎಂದಿಟ್ಟುಕೊಳ್ಳಿ. ಕಾಂಕ್ರೀಟಿನ ಭಾರತೀಯ ಮಾನಕ 456ರ ಕೋಷ್ಟಕದಂತೆ 31ರಿಂದ 50 ಘನ ಮೀಟರ್‌ಗೆ 4 ಮಾದರಿ, ಅದರ ಮೇಲೆ ಪ್ರತಿ 50ಕ್ಕೆ ಅಥವಾ ಅದರ ಭಾಗಕ್ಕೆ ಇನ್ನೊಂದು. ಹಾಗಾಗಿ 5 ಮಾದರಿ, ಮಾದರಿಗೆ 3ರಂತೆ 15 ಕ್ಯೂಬ್ (ಬಲ ಪರೀಕ್ಷೆಗೆ ಎರಕ ಹೊಯ್ಯುವ ಕಾಂಕ್ರೀಟ್ ಗಟ್ಟಿ). ನಾಲ್ಕು ಸ್ಲ್ಯಾಬಿಗೆ 60. ಹತ್ತು ಬ್ಲಾಕಿದ್ದರೆ ಸ್ಲ್ಯಾಬ್‌ಗಳಿಗೇ 600, ಅದೂ 28 ದಿನದ ಪರೀಕ್ಷೆಗೆ ಮಾತ್ರ. ಕಂಬ, ಪಾಯದ್ದು ಬೇರೆ. ಅಂದಾಜಿನಲ್ಲಿ ಇದಕ್ಕೆ ಸಾಲೇ ಇಲ್ಲದಿದ್ದರೆ ಕ್ಯೂಬ್‌ಗಳು ಸೈಟಿನಲ್ಲಲ್ಲ, ಕಾಗದದ ಮೇಲೆ ಎರಕವಾಗುತ್ತವೆ.

ವಾಸಕ್ಕೆ ಬೇಕಾದದ್ದು ಬಿಟ್ಟುಹೋಗುವುದು ಇನ್ನೊಂದು ರೋಗ. 32 ಮನೆಗೆ ಐದು ಜನರಂತೆ, ತಲಾ 135 ಲೀಟರ್ ಹಿಡಿದರೆ ದಿನಕ್ಕೆ 21,600 ಲೀಟರ್ ನೀರು ಬೇಕು. ಆ ಗಾತ್ರದ ಸಂಪ್, ಎರಡು ಪಂಪ್ (ಒಂದು ಕೆಟ್ಟಾಗ ಇನ್ನೊಂದು), ಓವರ್‌ಹೆಡ್ ಟ್ಯಾಂಕ್, ವಿದ್ಯುತ್ ಕಂಪನಿಗೆ ಕಟ್ಟುವ ಠೇವಣಿ, ಟ್ರಾನ್ಸ್‌ಫಾರ್ಮರ್, ಒಳಚರಂಡಿ ಮುಖ್ಯ ಕೊಳವೆಗೆ ಸೇರಿಸುವ ಕೆಲಸ, ಇವೆಲ್ಲ 'ಮುಂದಿನ ಹಂತದಲ್ಲಿ' ಎಂದು ಬಿಟ್ಟ ಕಾಮಗಾರಿಗಳೇ ಬಣ್ಣ ಬಳಿದುಕೊಂಡು ವರ್ಷಗಟ್ಟಲೆ ಬಾಗಿಲು ಹಾಕಿ ನಿಲ್ಲುವಂಥವು. ಕಿಟಕಿ, ವೈರು, ನಲ್ಲಿ ಕಳುವಾಗಿ ಮತ್ತೊಂದು ರಿಪೇರಿ ಟೆಂಡರ್ ಕರೆಯಬೇಕಾಗುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 37ನೇ ಕಲಂ ವಸತಿ ಹಂಚಿಕೆಯಲ್ಲಿ ಶೇ 5 ಮೀಸಲು ಕೊಟ್ಟಿದೆ. ಲಿಫ್ಟ್ ಇಲ್ಲದ ಜಿ+3ರಲ್ಲಿ ಅಂಥವರಿಗೆ ನೆಲಮಹಡಿಯೇ ಗತಿ. ಆದ್ದರಿಂದ ನೆಲಮಹಡಿಯ ಒಂದಷ್ಟು ಮನೆಗೆ ಇಳಿಜಾರು, ಗಾಲಿಕುರ್ಚಿ ಹಾಯುವಷ್ಟು ಅಗಲದ ಬಾಗಿಲು, ಹಿಡಿಕೆ ಇರುವ ಶೌಚಾಲಯ ಈಗಲೇ ನಕ್ಷೆಯಲ್ಲಿರಲಿ.

ಪ್ಯಾಕೇಜ್ ಎಷ್ಟು ದೊಡ್ಡದು

ಸಾವಿರ ಮನೆಯನ್ನು ಒಂದೇ ಪ್ಯಾಕೇಜ್ ಮಾಡಿದರೆ ಕಚೇರಿಗೆ ಸುಲಭ. ಒಂದೇ ಕಡತ, ಒಂದೇ ಕರಾರು. ಆದರೆ ಬರುವುದು ಮೂರೋ ನಾಲ್ಕೋ ದೊಡ್ಡ ಕಂಪನಿ. ಗೆದ್ದವರು ಕೆಲಸವನ್ನು ತುಂಡು ಗುತ್ತಿಗೆಗೆ ಹಂಚುತ್ತಾರೆ, ಕೊನೆಗೆ ಕಟ್ಟುವವನ ಹೆಸರು ನಿಮ್ಮ ಕಡತದಲ್ಲೇ ಇರುವುದಿಲ್ಲ. ತೀರಾ ಚಿಕ್ಕದು ಮಾಡಿದರೆ ಮಿತಿ ತಪ್ಪಿಸಲು ಒಡೆದರು ಎಂಬ ಆಡಿಟ್ ಆಕ್ಷೇಪ ಬರುತ್ತದೆ, ಆ ಆಕ್ಷೇಪ ಸರಿಯೂ ಆಗಿರುತ್ತದೆ. ಎರಡರ ನಡುವೆ ಅಳತೆಗೋಲು ಒಂದೇ: ಜಾಗ ಎಷ್ಟು ಕಂತಿನಲ್ಲಿ ಸಿಗುತ್ತದೋ ಅಷ್ಟು ಪ್ಯಾಕೇಜ್. ಒಡೆದ ಕಾರಣವನ್ನು ಟಿಪ್ಪಣಿಯಲ್ಲಿ ಬರೆದಿಡಿ.

ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಗುತ್ತಿಗೆ ಮೀಸಲಾತಿ ಮೊದಲು 50 ಲಕ್ಷದವರೆಗಿನ ಕಾಮಗಾರಿಗಳಿಗಿತ್ತು, 2023ರಲ್ಲಿ ಮಿತಿ ಒಂದು ಕೋಟಿಗೆ ಏರಿತು. ಮಿತಿ ಕಡತ ಮಾಡುವ ದಿನ ಎಷ್ಟಿದೆ ಎಂದು ನೋಡಿಕೊಳ್ಳಿ. ಎಲ್ಲವನ್ನೂ ಒಂದೇ ದೊಡ್ಡ ಪ್ಯಾಕೇಜಿಗೆ ತುಂಬಿದರೆ ಈ ಮೀಸಲು ಕಾಗದದಲ್ಲೇ ಉಳಿಯುತ್ತದೆ. ಕಾಂಪೌಂಡ್, ಒಳರಸ್ತೆ, ಮಳೆನೀರಿನ ಚರಂಡಿ, ಅಂಗನವಾಡಿಯಂಥವು ನಿಜಕ್ಕೂ ಬೇರೆ ಮಾಡಬಹುದಾದ ಕೆಲಸಗಳು. ಆದರೆ ಮನೆಯೊಳಗಿನ ಪ್ಲಂಬಿಂಗ್ ಮತ್ತು ವೈರಿಂಗನ್ನು ಬೇರೆಯವರಿಗೆ ಕೊಡಬೇಡಿ. ಸೋರಿದಾಗ ಗೋಡೆಯವನು ನಲ್ಲಿಯವನ ಮೇಲೆ, ನಲ್ಲಿಯವನು ಗೋಡೆಯವನ ಮೇಲೆ ಹಾಕುತ್ತಾನೆ.

ಅಲ್ಯೂಮಿನಿಯಂ ಮೋಲ್ಡ್, ಅಂದರೆ ಸೈಟಿನ ಭಾಷೆಯಲ್ಲಿ ಮೈವಾನ್, ಬೇಕೇ ಎಂಬುದೂ ಇಲ್ಲೇ ತೀರ್ಮಾನವಾಗಬೇಕು. ಮೋಲ್ಡ್ ಸೆಟ್ ನೂರಕ್ಕೂ ಹೆಚ್ಚು ಸಲ ಬಳಕೆಯಾದರೆ ಮಾತ್ರ ಅದರ ಬೆಲೆ ಹರಡಿ ಹೋಗುತ್ತದೆ. ಎರಡು ಮೂರು ಬ್ಲಾಕಿನ ಕೆಲಸಕ್ಕೆ ಸಾಲಿಡ್ ಬ್ಲಾಕ್ ಗೋಡೆಯೇ ಲೇಸು. ಮೈವಾನ್‌ನಲ್ಲಿ ಗೋಡೆಯೂ ಕಾಂಕ್ರೀಟ್ ಆದ್ದರಿಂದ ವಿದ್ಯುತ್ ಪೈಪು, ನೀರಿನ ತೂತು ಎಲ್ಲ ಎರಕಕ್ಕೆ ಮೊದಲೇ ಕೂರಬೇಕು. ಆಮೇಲೆ ಕೊರೆಯುವುದು ಕಟ್ಟಡದ ಬಲಕ್ಕೇ ಕತ್ತರಿ. ಚೆನ್ನೈನ ಪೆರುಂಬಾಕ್ಕಂನಲ್ಲಿ 1,152 ಮನೆಗಳನ್ನು ಪ್ರೀಕಾಸ್ಟ್ (ಭಾಗಗಳನ್ನು ಮೊದಲೇ ಎರಕ ಹೊಯ್ದು ತಂದು ಜೋಡಿಸುವ) ಪದ್ಧತಿಯಲ್ಲಿ ಕಟ್ಟಿದ್ದು ಸಾಧ್ಯವಾದದ್ದು ಅಷ್ಟು ಮನೆ ಒಂದೇ ಜಾಗದಲ್ಲಿ, ಒಂದೇ ನಕ್ಷೆಯಲ್ಲಿ ಇದ್ದದ್ದರಿಂದ. ತಾಲ್ಲೂಕಿಗೆ ನಲವತ್ತು ಮನೆಯಂತೆ ಚದುರಿದ ಕೆಲಸಕ್ಕೆ ಆ ಪಾಠ ಹೊಂದುವುದಿಲ್ಲ.

ಅರ್ಹತೆಯ ಷರತ್ತು

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999, ಅಂದರೆ ಕೆಟಿಪಿಪಿ, ಮತ್ತು 2000ದ ನಿಯಮಗಳಡಿ ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆ ಮೊದಲು ತೆರೆಯುತ್ತದೆ. ಅಲ್ಲಿ ಬಿದ್ದವನ ದರ ತೆರೆಯುವುದೇ ಇಲ್ಲ. ಆದ್ದರಿಂದ ಆಟವೆಲ್ಲ ಅರ್ಹತೆಯ ಷರತ್ತಿನಲ್ಲೇ. 'ಇದೇ ಮಂಡಳಿಯಲ್ಲಿ ಕೆಲಸ ಮಾಡಿರಬೇಕು', 'ಇಂತಿಷ್ಟು ಕಿಲೋಮೀಟರ್ ಒಳಗೆ ಸ್ವಂತ ರೆಡಿಮಿಕ್ಸ್ ಘಟಕ ಇರಬೇಕು', 'ಒಂದೇ ವರ್ಷದಲ್ಲಿ ಇಂತಿಷ್ಟು ಬಾಗಿಲು ಕೂರಿಸಿರಬೇಕು' ಎಂಬ ಷರತ್ತು ಕಂಡರೆ ಅದು ಯಾರದೋ ಮೈ ಅಳತೆಗೆ ಹೊಲಿದ ಅಂಗಿ ಎಂದು ತಿಳಿಯಿರಿ. ಘಟಕ ಸ್ವಂತದ್ದಾದರೂ ಬಾಡಿಗೆಯದಾದರೂ ಕಾಂಕ್ರೀಟ್ ಒಂದೇ. ಕೇಳಬೇಕಾದದ್ದು ಮೂರೇ: ಇದೇ ಬಗೆಯ ಬಹುಮಹಡಿ ಕೆಲಸ ಮುಗಿಸಿದ ಪ್ರಮಾಣಪತ್ರ, ವಹಿವಾಟು, ಈಗ ಇನ್ನಷ್ಟು ಹೊರುವ ಶಕ್ತಿ.

ಮೂರನೆಯದೇ ಮುಖ್ಯ, ಅದನ್ನೇ ಅತಿ ಕಡಿಮೆ ಪರಿಶೀಲಿಸುವುದು. ಕೆಡಬ್ಲ್ಯೂ-4 ಎಂಬ ಸರ್ಕಾರಿ ಮಾದರಿ ಟೆಂಡರ್ ದಾಖಲೆಯ ಸೂತ್ರದಲ್ಲಿ ಕಳೆದ ಐದು ವರ್ಷಗಳಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ವರ್ಷದ ಮೊತ್ತವನ್ನು ಈಗಿನ ಬೆಲೆಗೆ ತಂದು, ಕಾಮಗಾರಿಯ ಅವಧಿಯ ವರ್ಷಗಳಿಂದ ಗುಣಿಸಿ, ಅದನ್ನು ಒಂದೂವರೆಯಿಂದ ಗುಣಿಸಿ, ಕೈಯಲ್ಲಿರುವ ಕೆಲಸದ ಬಾಕಿಯನ್ನು ಕಳೆಯಬೇಕು. ಒಬ್ಬನ ಗರಿಷ್ಠ ವರ್ಷ 4 ಕೋಟಿ, ನಿಮ್ಮ ಅವಧಿ 18 ತಿಂಗಳು ಎನ್ನಿ: 4 × 1.5 × 1.5 = 9 ಕೋಟಿ. ಬಾಕಿ 5 ಕೋಟಿಯಿದ್ದರೆ ಉಳಿದ ಶಕ್ತಿ 4 ಕೋಟಿ. 6 ಕೋಟಿಯ ಪ್ಯಾಕೇಜಿಗೆ ಅವನು ಅರ್ಹನಲ್ಲ. ಆತ ಬಾಕಿಯನ್ನು 1 ಕೋಟಿ ಎಂದು ಬರೆದರೆ ಅರ್ಹನಾಗಿಬಿಡುತ್ತಾನೆ. ಅದಕ್ಕೆ ಸ್ವಯಂ ಘೋಷಣೆಯೊಂದನ್ನೇ ನಂಬದೆ, ಕಾರ್ಯಪಾಲಕ ಇಂಜಿನಿಯರುಗಳ ಸಹಿಯ ಬಾಕಿ ಪಟ್ಟಿ ಕೇಳಿ, ರಾಜ್ಯ ಸರ್ಕಾರದ ಟೆಂಡರ್ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಅವನಿಗೆ ಸಿಕ್ಕ ಟೆಂಡರ್‌ಗಳೊಂದಿಗೆ ತಾಳೆ ನೋಡಿ. ಒಬ್ಬನೇ ಸೈಟ್ ಇಂಜಿನಿಯರ್ ಹೆಸರು ಐದು ಕಾಮಗಾರಿಯಲ್ಲಿ ಕಾಣಿಸುತ್ತದೆಯೇ ಎಂದೂ ನೋಡಿ.

ಟೆಂಡರ್ ಸಲ್ಲಿಸಲು ಕೆಟಿಪಿಪಿ ನಿಯಮ 17 ಕೊಡುವ ಕನಿಷ್ಠ ದಿನಗಳನ್ನು ಕಡಿತ ಮಾಡುವ ಅಲ್ಪಾವಧಿ ಟೆಂಡರ್ ವಸತಿ ಕೆಲಸಕ್ಕೆ ಬೇಡ. ನೆರೆ ಪರಿಹಾರದ ಶೆಡ್‌ಗೆ ಅವಸರವಿರುತ್ತದೆ, 18 ತಿಂಗಳ ಕಟ್ಟಡಕ್ಕೆ ಹದಿನೈದು ದಿನ ಉಳಿಸಿ ಸಾಧಿಸುವುದೇನು? ದರ ಸಲ್ಲಿಸುವ ಮೊದಲು ಗುತ್ತಿಗೆದಾರರೊಂದಿಗೆ ನಡೆಸುವ ಪ್ರೀ-ಬಿಡ್ ಸಭೆಯ ಪ್ರಶ್ನೆಗಳಿಗೆ ಉತ್ತರ ಎಲ್ಲರಿಗೂ ಪೋರ್ಟಲ್‌ನಲ್ಲೇ ಹೋಗಲಿ, ಫೋನಿನಲ್ಲಿ ಬೇಡ. ಉತ್ತರದಿಂದ ನಕ್ಷೆ ಅಥವಾ ಪರಿಮಾಣ ಬದಲಾದರೆ ಕೊನೆಯ ದಿನಾಂಕವನ್ನೂ ಮುಂದೂಡಿ. ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿ ಪಡೆದು ಟೆಂಡರ್ ಇಲ್ಲದೆ ಕೊಡುವ ದಾರಿಯಲ್ಲಿ ಸ್ಪರ್ಧೆಯ ದರ ತಿಳಿಯುವುದಿಲ್ಲ, ಕೆಲಸ ಮತ್ತೆ ತುಂಡು ಗುತ್ತಿಗೆಗೇ ಇಳಿಯುವ ಅಪಾಯ ಹಾಗೇ ಇರುತ್ತದೆ.

ದರ ತೆರೆದ ದಿನ

ಒಟ್ಟು ಮೊತ್ತವೊಂದನ್ನೇ ನೋಡಿ ಎಲ್-1 ಘೋಷಿಸುವ ಕೈ ಇಲ್ಲಿ ಸ್ವಲ್ಪ ತಡೆಯಲಿ. ಒಂದು ಲೆಕ್ಕ: ನಿಮ್ಮ ಅಂದಾಜು 5 ಕೋಟಿ. ಅದರಲ್ಲಿ ಪಾಯ ಮತ್ತು ಕಂಬ-ಸ್ಲ್ಯಾಬ್ 3 ಕೋಟಿ. ಗಾರೆ, ಬಾಗಿಲು, ಕೊಳಾಯಿ, ವೈರಿಂಗ್, ಬಣ್ಣ 2 ಕೋಟಿ. ಗುತ್ತಿಗೆದಾರ ಮೊದಲ ಭಾಗಕ್ಕೆ 3.6, ಎರಡನೆಯದಕ್ಕೆ 1.3 ಹಾಕುತ್ತಾನೆ. ಒಟ್ಟು 4.9 ಕೋಟಿ, ಶೇ 2 ಕಡಿಮೆ, ನೋಡಲು ಚೆಂದ. ಕೊನೆಯ ಸ್ಲ್ಯಾಬ್ ಬಿದ್ದ ದಿನ ಅವನ ಕೈಗೆ 3.6 ಬಂದಿರುತ್ತದೆ. ಮುಂದಿನ 2 ಕೋಟಿಯ ಕೆಲಸಕ್ಕೆ ಅವನಿಗೆ ಸಿಗುವುದು 1.3, ಅಂದರೆ 70 ಲಕ್ಷ ನಷ್ಟ. ಶೇ 5ರ ಭದ್ರತಾ ಠೇವಣಿ 24.5 ಲಕ್ಷ. ಠೇವಣಿ ಬಿಟ್ಟು ಹೋದರೂ ಅವನಿಗೆ ಲಾಭ. ಊರೂರಲ್ಲಿ ಕಾಣುವ ಗಾರೆಯಿಲ್ಲದ ಅಸ್ಥಿಪಂಜರಗಳ ಹಿಂದೆ ಎಷ್ಟೋ ಸಲ ಇರುವುದು ಈ ಕೂಡು-ಕಳೆ.

ಇದಕ್ಕೆ ಮದ್ದು ದಾಖಲೆಯಲ್ಲೇ ಇದೆ. ದರಗಳು ಅಸಮತೋಲವಾಗಿದ್ದರೆ ದರ ವಿಶ್ಲೇಷಣೆ ಕೇಳಬಹುದು, ಹೆಚ್ಚುವರಿ ಭದ್ರತೆ ಪಡೆಯಬಹುದು. ಮೇಲಿನ ಉದಾಹರಣೆಯಲ್ಲಿ ಮುಂದಾಗಿ ಹೋಗುವ 60 ಲಕ್ಷಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ, ಅವಧಿ ದೋಷ ಹೊಣೆಯ ಕಾಲದವರೆಗೂ (ಕಟ್ಟಡದ ದೋಷವನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ) ಇರಲಿ. ಗ್ಯಾರಂಟಿ ನಿಜವೇ ಎಂದು ಬ್ಯಾಂಕಿಗೆ ನೀವೇ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಿ, ಗುತ್ತಿಗೆದಾರ ತಂದುಕೊಟ್ಟ ಪತ್ರ ಸಾಲದು.

ಒಳಒಪ್ಪಂದದ ಗುರುತುಗಳು ಬಲ್ಲವರಿಗೆ ಗೊತ್ತು: ಮೂವರ ದರಗಳ ನಡುವೆ ಪ್ರತಿ ಐಟಂನಲ್ಲೂ ಒಂದೇ ಶೇಕಡಾ ವ್ಯತ್ಯಾಸ, ಒಂದೇ ಐಪಿ ವಿಳಾಸ, ಒಂದೇ ಕಾಗುಣಿತ ತಪ್ಪು, ಸೋತವನೇ ಆಮೇಲೆ ಉಪಗುತ್ತಿಗೆದಾರ. ಸ್ಪರ್ಧಾ ಕಾಯ್ದೆಯ 3(3)(ಡಿ) ಅಡಿ ಇದು ಅಪರಾಧದಷ್ಟೇ ಗಂಭೀರ. ಗುರುತು ಕಂಡರೆ ಪರಿಶೀಲನಾ ಟಿಪ್ಪಣಿಯಲ್ಲಿ ಬರೆಯಿರಿ. ಯಾರನ್ನಾದರೂ ತಿರಸ್ಕರಿಸಿದರೆ ಕಾರಣವನ್ನು ಷರತ್ತಿನ ಸಂಖ್ಯೆ ಸಮೇತ ಕೊಡಿ. ಕೆಟಿಪಿಪಿ ಕಾಯ್ದೆಯ 16ನೇ ಕಲಮಿನಡಿ 30 ದಿನದೊಳಗೆ ಮೇಲ್ಮನವಿ ಬರಬಹುದು. 'ದಾಖಲೆ ಸರಿಯಿಲ್ಲ' ಎಂಬ ಒಂದು ಸಾಲಿನ ಆದೇಶ ಅಲ್ಲಿ ನಿಲ್ಲುವುದಿಲ್ಲ.

ಕೆಲಸ ನಡೆಯುವಾಗ

ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲು ಅಳೆಯಬೇಕು. ಪಾಯದ ಆಳ, ಕಬ್ಬಿಣ ಕಟ್ಟಿದ ರೀತಿ, ಕವರ್ ಬ್ಲಾಕ್, ಸ್ನಾನದ ಮನೆಯ ವಾಟರ್‌ಪ್ರೂಫಿಂಗ್ ಎಲ್ಲಕ್ಕೂ ದಿನಾಂಕವಿರುವ ಫೋಟೊ ಮತ್ತು ಅಳತೆ ಪುಸ್ತಕದ ಪುಟ ಸಂಖ್ಯೆ ಬೇಕು. ಸ್ನಾನದ ಮನೆಗಳಿಗೆ 48 ಗಂಟೆ ನೀರು ನಿಲ್ಲಿಸಿ ಕೆಳಗಿನ ಮನೆಯ ಛಾವಣಿ ನೋಡಿ, ಆಮೇಲೆ ಟೈಲ್ಸ್. ಬಡವರ ವಸತಿಯಲ್ಲಿ ಅತಿ ಹೆಚ್ಚು ಜಗಳ ಹುಟ್ಟುವುದು ಮೇಲಿನ ಮನೆಯ ಬಚ್ಚಲಿನಿಂದ, ಪರೀಕ್ಷೆಗೆ ಬೇಕಾದದ್ದು ನಾಲ್ಕು ಬಕೆಟ್ ನೀರು ಅಷ್ಟೇ. ಸಾಲಿಡ್ ಬ್ಲಾಕ್‌ಗಳನ್ನು ತಂದ ದಿನವೇ ಕಟ್ಟಲು ಬಿಡಬೇಡಿ. ಹಸಿ ಬ್ಲಾಕ್ ಆಮೇಲೆ ಕುಗ್ಗಿ ಗಾರೆಯ ಮೇಲೆ ಬಿರುಕು ಎಳೆಯುತ್ತದೆ. ಎರಕದ ದಿನಾಂಕ ಬ್ಲಾಕಿನ ಮೇಲೇ ಬಣ್ಣದಲ್ಲಿರಲಿ.

ಮೂರನೇ ವ್ಯಕ್ತಿಯ ಗುಣಮಟ್ಟ ತಪಾಸಣೆಗೆ ಬರುವ ಸಂಸ್ಥೆಯ ಶುಲ್ಕವನ್ನು ಗುತ್ತಿಗೆದಾರ ಕೊಡುವಂತೆ ಬರೆಯಬೇಡಿ, ಕಟ್ಟಿಸುವ ಮಂಡಳಿ ಅಥವಾ ಪಾಲಿಕೆಯೇ ಕೊಡಲಿ. ತಪಾಸಣೆಯ ವರದಿ ಬಂದ ಎಷ್ಟು ದಿನದೊಳಗೆ ದೋಷ ಸರಿಯಾಗಬೇಕು, ಆಗದಿದ್ದರೆ ಯಾವ ಬಿಲ್‌ನಿಂದ ಎಷ್ಟು ತಡೆಯಬೇಕು ಎಂಬುದು ಕರಾರಿನಲ್ಲೇ ಇರಲಿ. ಇದಿಲ್ಲದ ವರದಿಗಳು ಕಪಾಟಿಗೆ ಹೋಗುತ್ತವೆ. ಹಾಗೆಯೇ ನಿಮ್ಮ ಕಡೆಯಿಂದ ಬಿಲ್ ಎಷ್ಟು ದಿನದಲ್ಲಿ ಪಾಸಾಗಬೇಕು ಎಂಬುದನ್ನೂ ಬರೆದುಕೊಳ್ಳಿ. ಆರು ತಿಂಗಳು ಬಿಲ್ ಇಟ್ಟುಕೊಳ್ಳುವ ಕಚೇರಿಗೆ ಮುಂದಿನ ಟೆಂಡರ್‌ನಲ್ಲಿ ಬರುವ ದರಗಳಲ್ಲಿ ಆ ಆರು ತಿಂಗಳ ಬಡ್ಡಿ ಸೇರಿಕೊಂಡೇ ಇರುತ್ತದೆ.

ಪಂಪ್, ಮೆಟ್ಟಿಲ ದೀಪ, ಕೊಳಚೆ ನೀರು ಶುದ್ಧೀಕರಣ ಘಟಕ ಇವುಗಳ ಮೂರು ವರ್ಷದ ನಿರ್ವಹಣೆಯನ್ನು ಪರಿಮಾಣ ಪಟ್ಟಿಯಲ್ಲಿ ಬೇರೆ ಐಟಂ ಆಗಿ, ಮೂರು ತಿಂಗಳಿಗೊಮ್ಮೆ ಪಾವತಿಯಾಗುವಂತೆ ಸೇರಿಸಿ. ಹೀಗೆ ಮಾಡಿದಾಗ ಅಗ್ಗದ ಪಂಪ್ ಕೂರಿಸುವ ಆಸೆ ಗುತ್ತಿಗೆದಾರನಿಗೇ ಹೋಗುತ್ತದೆ, ರಿಪೇರಿ ಅವನ ತಲೆಗೇ ಬರುವುದರಿಂದ.

ಹಸ್ತಾಂತರ

ಬೀಗದ ಕೈ ಕೊಡುವ ಮೊದಲು ಪ್ರತಿ ಮನೆಗೊಂದು ಪುಟದ ತಪಾಸಣಾ ಪಟ್ಟಿ ಮಾಡಿ, ಆ ಮನೆಗೆ ಬರುವವರನ್ನೇ ನಿಲ್ಲಿಸಿ ತುಂಬಿಸಿ. ನಲ್ಲಿ ತಿರುಗಿಸುವುದು, ಫ್ಲಶ್ ಎಳೆಯುವುದು, ಸ್ವಿಚ್ ಹಾಕುವುದು, ಬಾಗಿಲು ಮುಚ್ಚುವುದು, ಕಿಟಕಿಯ ಕೊಂಡಿ. ಹದಿನೈದು ನಿಮಿಷದ ಕೆಲಸ. ಕೊಳವೆ ಮತ್ತು ವೈರು ನಿಜವಾಗಿ ಎಲ್ಲಿ ಹಾದಿವೆ ಎಂದು ತೋರಿಸುವ, ಕಟ್ಟಿದಂತೆ ತಿದ್ದಿದ ನಕ್ಷೆಯ ಒಂದು ಪ್ರತಿ ನಿವಾಸಿಗಳ ಸಂಘದ ಕೈಯಲ್ಲಿರಲಿ. ಗುತ್ತಿಗೆದಾರನ ಕೊನೆಯ ಬಿಲ್ ಈ ನಕ್ಷೆ ಬಂದ ಮೇಲೆಯೇ.

ದೋಷ ಹೊಣೆಯ ಅವಧಿಯಲ್ಲಿ ಒಂದಾದರೂ ಪೂರ್ತಿ ಮುಂಗಾರು ಸೇರುವಂತೆ ದಿನಾಂಕ ಲೆಕ್ಕಹಾಕಿ. ಅಕ್ಟೋಬರಿನಲ್ಲಿ ಹಸ್ತಾಂತರಿಸಿ ಆರು ತಿಂಗಳ ಹೊಣೆ ಬರೆದರೆ ಅದು ಮಳೆ ಬರುವ ಮೊದಲೇ ಮುಗಿಯುತ್ತದೆ. ಅವಧಿ ಮುಗಿಯಲು ಎರಡು ತಿಂಗಳಿರುವಾಗ, ಮಳೆ ನಿಂತ ವಾರದಲ್ಲಿ, ಕೊನೆಯ ಮಹಡಿಯ ಛಾವಣಿ, ಕಿಟಕಿಯ ಸಜ್ಜೆ, ಬಚ್ಚಲಿನ ಕೆಳಗಿನ ಛಾವಣಿ ಇಷ್ಟನ್ನು ಮನೆಮನೆಗೆ ಹೋಗಿ ನೋಡಿ, ದೋಷದ ಪಟ್ಟಿಯನ್ನು ಗುತ್ತಿಗೆದಾರನಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಅಂಚೆ ರಸೀದಿಯನ್ನು ಠೇವಣಿ ವಾಪಸಾತಿಯ ಕಡತಕ್ಕೇ ಹೊಲಿದಿಡಿ.